‘ಜೇಡರ ಬಲೆ’ಯೂ ಅದರ ಕಾಲವೂ

ದೊರೆ-ಭಗವಾನರ ನಿರ್ದೇಶನದ ‘ಜೇಡರ ಬಲೆ’ ಎಂಬ ಚಿತ್ರಪಟವು 1968ನೆಯ ಇಸವಿಯಲ್ಲಿ ತೆರೆಗೆ ಬಂದಿತು. 1962ರಿಂದ ಜಗತ್ತನ್ನೆಲ್ಲ ಮರುಳುಗೊಳಿಸಿದ್ದ ಜೇಮ್ಸ್ ಬಾಂಡನ ಚಿತ್ರಗಳೇ ಇದಕ್ಕೆ ಮೇಲ್ಪಂಕ್ತಿ. ಅವನು 007, ನಮ್ಮ ರಾಜಕುಮಾರರು ಸಿ.ಐ.ಡಿ. 999. ಕಥೆಯ ಬೀಜವಿಷ್ಟೆ: ವಿಜ್ಞಾನಿಯೊಬ್ಬನು ಅನ್ಯ ಲೋಹವನ್ನು ಚಿನ್ನವಾಗಿಸುವ ಸೂತ್ರವನ್ನು ಕಂಡುಹಿಡಿದಿರುವನು, ಆ ಸೂತ್ರಕ್ಕಾಗಿ ದುಷ್ಟರ ಹೊಂಚು, ಅವರನ್ನು ಹಿಡಿಯಲು 999ರ ಸಾಹಸ. (ಜೇಡವೆಂದರೆ ಹುಳವಷ್ಟೇ ಅಲ್ಲ, ನೇಕಾರನೂ ಹೌದೆಂಬುದನ್ನು ಮುದನೂರಿನ ಜೇಡರ ದಾಸಿಮಯ್ಯನ ಹೆಸರನ್ನು ಬಲ್ಲ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.)

ಇಂದಿನ ಪ್ರೇಕ್ಷಕನು ಇದನ್ನು ನೋಡಿದರೆ ಮೊದಲು ನಗುವನು. ಸೂತ್ರವೊಂದರ ಬೆನ್ನುಹತ್ತಿ ಇಷ್ಟು ಜನ ಓಡಬೇಕೇ ಎನ್ನುವನು. ಆ ನಗೆಯನ್ನು ತಪ್ಪೆನ್ನಲಾಗದು. ಆದರೆ ಅಂದಿನವರು ಏತಕ್ಕೆ ನಗಲಿಲ್ಲವೆಂಬುದು ವಿಚಾರಾರ್ಹವಾಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. 20ನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಕಟ್ಟಿದ ಸಿ.ಐ.ಡಿ. ಎಂಬ ಶಾಖೆಯು ಸ್ವಾತಂತ್ರ್ಯ ಚಳವಳಿಗಾರರ ಪಾಲಿಗೆ ಪರಸರಕಾರದ ಕಣ್ಣಾಗಿತ್ತು. ಯಾರ ಹೆಸರು ಕೇಳಿ ಖಾದಿಯವನು ದನಿ ತಗ್ಗಿಸುತ್ತಿದ್ದನೋ ಅವನೇ 21 ವರ್ಷಗಳ ಸ್ವರಾಜ್ಯದ ತರುವಾಯ ತೆರೆಯ ಮೇಲೆ ನಾಯಕನಾಗಿ ನಿಂತನು! ಪರದೇಶಗಳ ಗುಪ್ತವಾರ್ತೆಗಾಗಿ ಭಾರತವು ‘ರಾ’ ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದ್ದೂ 1968ರ ಸಪ್ಟೆಂಬರದಲ್ಲಿಯೇ.

ಇದಕ್ಕೂ ಮಿಗಿಲಾದುದು ಚಿನ್ನದ ಸಂಗತಿ. ಚೀನದ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧಿಯ ಒಡವೆಗಳನ್ನು ಮಾಡಕೂಡದೆಂಬ ನಿಯಮವು ಹೊರಟಿತು. ಎಂದರೆ 24 ಪಾಲಿನಲ್ಲಿ 14 ಪಾಲು ಮಾತ್ರ ಬಂಗಾರ. ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು. 1952ರಿಂದ 1956ರ ವರೆಗೆ ಮುಂಬಯಿಯ ಮುಖ್ಯಮಂತ್ರಿಗಳಾಗಿ ಈ ತಾಲೂಕುಗಳನ್ನು ಆಳಿದವರೂ ಅವರೇ. ಪರದೇಶದ ಹಣವನ್ನು ಉಳಿಸುವ ಉದ್ದೇಶವೇನೋ ಸರಿಯಾದದ್ದೇ. ಆದರೆ ಮಗಳ ಲಗ್ನಕ್ಕೆ ಇಷ್ಟೊಂದು ತಾಮ್ರ ಬೆರೆತ ಒಡವೆಯನ್ನು ಯಾವ ತಾಯಿ ಒಪ್ಪಿಯಾಳು? ಪತ್ತಾರನ ಮೂಸೆ ತಣ್ಣಗಾಯಿತು. ದೇಶದಾದ್ಯಂತ ಲಕ್ಷಾವಧಿ ಅಕ್ಕಸಾಲಿಗರು ಕಸುಬುಗೆಟ್ಟರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1966ರಲ್ಲಿ ಆ ನಿರ್ಬಂಧವು ಸಡಿಲಾಯಿತು. ಆದರೆ 1968ರಲ್ಲಿ ಚಿನ್ನದ ನಿಯಂತ್ರಣಕ್ಕೆ ಪ್ರತ್ಯೇಕ ಕಾಯಿದೆಯೇ ಬಂದು, ಮನೆಯಲ್ಲಿ ಬಂಗಾರದ ಗಟ್ಟಿಯಿರುವುದೇ ಅಪರಾಧವಾಯಿತು. ಆಗಲೂ ಅರ್ಥಮಂತ್ರಿಗಳು ಮೊರಾರ್ಜಿಯವರೇ.

ಚಿತ್ರಪಟವೂ ಕಾಯಿದೆಯೂ ಒಂದೇ ವರ್ಷದವು. ತೆರೆಯ ವಿಜ್ಞಾನಿಯು ಹೀನಲೋಹವನ್ನು ಚಿನ್ನವಾಗಿಸಹೊರಟಿದ್ದನು. ಸರಕಾರವು ಚಿನ್ನವನ್ನೇ ಹೀನವಾಗಿಸಿ ನೋಡಿತ್ತು. ಚಿತ್ರವನ್ನು ಕಟ್ಟಿದವರ ಮನಸ್ಸಿನಲ್ಲಿ ಇದಿತ್ತೋ ಇಲ್ಲವೋ, ನೋಡಿದವರ ಮನೆಯಲ್ಲಂತೂ ಇತ್ತು. ಅಂಥವರಿಗೆ ಆ ಸೂತ್ರವು ಮಕ್ಕಳ ಕಥೆಯಾಗಿ ತೋರುವುದು ಶಕ್ಯವಿರಲಿಲ್ಲ.

ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು, ಗೋವೆಯು ಪೋರ್ತುಗೀಜರ ಕೈಯಿಂದ ಬಿಟ್ಟು ಆಗಿನ್ನೂ ಏಳೇ ವರ್ಷ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಈ ಕಡೆಯದರ ಹೆಸರಿನಲ್ಲಿ ಚಿನ್ನದ ಸ್ಥಾನಕ್ಕೆ ವಜ್ರ ಬಂದಿದೆ. ಚಿನ್ನದ ಕಾಯಿದೆಯು ಮಾತ್ರ ಅದಕ್ಕೂ ಹನ್ನೆರಡು ವರ್ಷ ಹೆಚ್ಚು ಬಾಳಿ, 1990ರಲ್ಲಿ ರದ್ದಾಯಿತು.