ಕಾಂಬ್ಯಾಟ್ (ಮೆದುಳಿನ ಚಿತ್ರಣ)

ಹಲವು ಕೇಂದ್ರಗಳಲ್ಲಿ ಪಡೆದ ಮೆದುಳಿನ ಎಂಆರ್‌ಐ ಅಳತೆಗಳಿಂದ ಸ್ಕ್ಯಾನರ್‌ಗಳ ವ್ಯತ್ಯಾಸವನ್ನು ಕಳೆಯುವ ಸಂಖ್ಯಾಶಾಸ್ತ್ರೀಯ ವಿಧಾನ. ತಯಾರಕರು, ಕಾಂತಕ್ಷೇತ್ರದ ಬಲ (1.5 ಅಥವಾ 3 ಟೆಸ್ಲಾ), ತಂತ್ರಾಂಶ ಬದಲಾದರೆ ಒಬ್ಬರದೇ ಕಾರ್ಟೆಕ್ಸ್‌ನ (ಮೆದುಳಿನ ಹೊರಪದರದ) ದಪ್ಪವೂ ಬೇರೆಯಾಗಿ ಕಾಣಬಹುದು. 2007ರಲ್ಲಿ ಸಂಶೋಧಕರಾದ ಜಾನ್ಸನ್, ಲಿ, ರಾಬಿನೋವಿಕ್ ಈ ವಿಧಾನವನ್ನು ರೂಪಿಸಿದ್ದು ಮೆದುಳಿಗಲ್ಲ, ಜೀನ್ ಅಭಿವ್ಯಕ್ತಿಯ ದತ್ತಾಂಶಕ್ಕೆ. ಫೋರ್ಟಿನ್ ಮತ್ತು ಸಂಗಡಿಗರು 2017ರಲ್ಲಿ ಅದನ್ನು ಮೆದುಳಿನ ಡಿಫ್ಯೂಷನ್ ಎಂಆರ್‌ಐ ಚಿತ್ರಣಕ್ಕೆ ಒಗ್ಗಿಸಿದರು. ಪ್ರತಿ ಸ್ಕ್ಯಾನರ್ ಸರಾಸರಿಯನ್ನು ಎಷ್ಟು ಸರಿಸಿದೆ, ಹರವನ್ನು ಎಷ್ಟು ಹಿಗ್ಗಿಸಿದೆ ಎಂದು ಕಾಂಬ್ಯಾಟ್ ಅಂದಾಜಿಸಿ ತಿದ್ದುತ್ತದೆ. ವಯಸ್ಸು, ಲಿಂಗಗಳನ್ನು ಮಾದರಿಯಲ್ಲಿ ಸೇರಿಸಿದರೆ ಅವುಗಳ ಪ್ರಭಾವ ಉಳಿಯುತ್ತದೆ. ಎಂಪಿರಿಕಲ್ ಬೇಸ್ ತಂತ್ರದಿಂದ ಮೆದುಳಿನ ಎಲ್ಲ ಭಾಗಗಳ ಮಾಹಿತಿಯನ್ನೂ ಒಟ್ಟಾಗಿ ಬಳಸುವುದರಿಂದ, ಕೆಲವೇ ಜನರಿರುವ ಕೇಂದ್ರದಲ್ಲೂ ಅಂದಾಜು ಅಷ್ಟಾಗಿ ಏರುಪೇರಾಗದು. ಆದರೆ ರೋಗಿಗಳೆಲ್ಲ ಒಂದು ಕೇಂದ್ರದಲ್ಲಿ, ಆರೋಗ್ಯವಂತರೆಲ್ಲ ಇನ್ನೊಂದರಲ್ಲಿದ್ದರೆ ಯಂತ್ರದ ಗುರುತನ್ನು ರೋಗದ ಗುರುತಿನಿಂದ ಬಿಡಿಸುವುದು ಇದರಿಂದಾಗದು. ಅಲ್ಲಿ ಒಂದೇ ಗುಂಪಿನ ಸ್ವಯಂಸೇವಕರನ್ನು ಎಲ್ಲ ಯಂತ್ರಗಳಲ್ಲೂ ಸ್ಕ್ಯಾನ್ ಮಾಡಿ ಹೋಲಿಸುವುದು ಹೆಚ್ಚು ನಂಬಲರ್ಹ, ದುಬಾರಿಯೂ ಹೌದು.