ಜೇಡ ಕೀಟವಲ್ಲ: ತಡವಾಗಿ ಬರೆದ ಒಂದು ತಿದ್ದುಪಡಿ



ಖಾನಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡವನ್ನೂ ಇತಿಹಾಸವನ್ನೂ ಬೋಧಿಸುತ್ತಿದ್ದ ಕಾಲದ ಮಾತಿದು. ಒಂದು ಮಳೆಗಾಲದಲ್ಲಿ ವಿಜ್ಞಾನದ ಶಿಕ್ಷಕರು ದೀರ್ಘ ರಜೆಯ ಮೇಲೆ ಹೋದುದರಿಂದ ಅವರ ತರಗತಿಗಳು ನನ್ನ ಪಾಲಿಗೆ ಬಂದವು. ಕಿರುಪರೀಕ್ಷೆಯಲ್ಲಿ ‘ಐದು ಕೀಟಗಳನ್ನು ಹೆಸರಿಸಿರಿ’ ಎಂದು ಕೇಳಿದ್ದೆ. ಹೆಚ್ಚಿನವರು ಜೇಡರ ಹುಳುವನ್ನೂ ಸೇರಿಸಿದ್ದರು; ನಾನೂ ಅಂಕ ಕೊಟ್ಟೆ. ಒಬ್ಬ ಹುಡುಗ ಮಾತ್ರ ಐದು ಹೆಸರುಗಳ ಕೆಳಗೆ, ‘ಜೇಡ ಇದರಲ್ಲಿ ಬರುವುದಿಲ್ಲ, ಅದಕ್ಕೆ ಎಂಟು ಕಾಲು’ ಎಂದು ಬರೆದಿದ್ದ. ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ‘ಕೇಳಿದ್ದಕ್ಕಷ್ಟೇ ಉತ್ತರಿಸು’ ಎಂದು ಬರೆದೆ. ಅವನು ಬಂದು ವಾದಿಸಲಿಲ್ಲ. ವಾದಿಸುವ ಧೈರ್ಯ ಬರುವಂಥ ವಾತಾವರಣ ಆಗ ನನ್ನ ತರಗತಿಯಲ್ಲಿ ಇರಲಿಲ್ಲ.

ಈ ಘಟನೆ ನೆನಪಿಗೆ ಬಂದದ್ದು ಕಳೆದ ದಸರೆಯ ನಂತರ. ಛಾಯಾಗ್ರಹಣದ ಹವ್ಯಾಸವುಳ್ಳ ಹಳೆಯ ವಿದ್ಯಾರ್ಥಿಯೊಬ್ಬ ಬೆಳಗಾವಿಗೆ ಬಂದವನು ನನ್ನನ್ನು ನಸುಕಿನಲ್ಲಿಯೇ ಜಾಂಬೋಟಿಯ ರಸ್ತೆಗೆ ಕರೆದೊಯ್ದ. ಪೊದೆಯೊಂದರ ಮಧ್ಯೆ ಇಬ್ಬನಿ ಹಿಡಿದ ಬಲೆ. ನಡುವೆ ಹಳದಿ ಪಟ್ಟೆಯ ಜೇಡ ತಲೆ ಕೆಳಗಾಗಿ ಕುಳಿತಿತ್ತು. ನಾನು ಕನ್ನಡಕ ಸರಿಪಡಿಸಿಕೊಂಡು ಎಣಿಸಿದೆ: ನಾಲ್ಕೇ ಕಾಲು! ಇನ್ನೂ ಹತ್ತಿರ ಬಾಗಿದಾಗ ಅವನು ಮೆಲ್ಲಗೆ, “ಸರ್, ಮುಟ್ಟಬ್ಯಾಡ್ರಿ, ಉಸಿರು ಬಿಟ್ಟರೂ ಅಲುಗಾಡ್ತೈತ್ರಿ” ಎಂದ. ತನ್ನ ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ, ಒಂದು ಉಂಗುರದಿಂದ ಕ್ಯಾಮೆರಾಕ್ಕೆ ಬಿಗಿದಿದ್ದ. ಹಾಗೆ ಮಾಡಿದರೆ ಸಾಮಾನ್ಯ ಲೆನ್ಸೂ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆಯಂತೆ. ಸ್ಪಷ್ಟವಾಗಿ ಕಾಣುವ ಪದರ ಮಾತ್ರ ತೀರ ತೆಳುವು. ಕಣ್ಣು ಸ್ಫುಟವಾದರೆ ಕಾಲು ಮಸುಕು. ಬಹಳ ಹೊತ್ತಿನ ನಂತರ ಅವನು ಪರದೆಯ ಮೇಲೆ ತೋರಿಸಿದ ಚಿತ್ರದಲ್ಲಿ ಕಾಲುಗಳು ಎರಡೆರಡಾಗಿ ಜೋಡಿಸಿಕೊಂಡಿದ್ದವು. ನಾಲ್ಕಲ್ಲ, ಎಂಟು. ಮೀಸೆಯಿಲ್ಲ, ರೆಕ್ಕೆಯಿಲ್ಲ, ದೇಹ ಮೂರು ಭಾಗವಲ್ಲ, ಎರಡೇ ಭಾಗ. ಹುಡುಗನ ಆ ಸಾಲು ಕಣ್ಣ ಮುಂದೆ ಬಂದು ನಿಂತಿತು.

ಅಂದಿನಿಂದ ಈ ಜೀವಿಯನ್ನು ಮನುಷ್ಯರು ಹೇಗೆ ನೋಡುತ್ತ ಬಂದರು ಎಂಬುದನ್ನು ಓದತೊಡಗಿದೆ. ಮೊದಲು ನಮ್ಮ ಭಾಷೆಯನ್ನೇ ನೋಡೋಣ. ಜೇಡ ಎಂದರೆ ಹಳೆಯ ಮಾತಿನಲ್ಲಿ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಅರ್ಥವೇ. ಜೇಡರ ಹುಳು ಎಂದರೆ ನೇಕಾರರ ಹುಳು. ಮಗ್ಗದ ಸದ್ದು ಕೇಳಿಸುವ ವಡಗಾವಿ, ಖಾಸಬಾಗದ ಜನರಿಗೆ ಇದನ್ನು ವಿವರಿಸಬೇಕಿಲ್ಲ. ಹಾಸು ಮೊದಲು, ಹೊಕ್ಕು ಆಮೇಲೆ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಜೇಡವೂ ಹೀಗೆಯೇ ಮಾಡುತ್ತದೆ. ಗಾಳಿಗೆ ಒಂದೆಳೆ ತೇಲಿಬಿಟ್ಟು ಸೇತುವೆ ಕಟ್ಟಿ, ಚೌಕಟ್ಟು ಹಾಕಿ, ನಡುವಿನಿಂದ ಹೊರಕ್ಕೆ ಕಡ್ಡಿಗಳಂತೆ ಎಳೆಗಳನ್ನು ಬಿಗಿಯುತ್ತದೆ. ಬಳಿಕ ಒಳಗಿನಿಂದ ಹೊರಗೆ ಅಂಟಿಲ್ಲದ ತಾತ್ಕಾಲಿಕ ಸುರುಳಿ. ಕೊನೆಗೆ ಹೊರಗಿನಿಂದ ಒಳಕ್ಕೆ ಬರುತ್ತ, ಆ ತಾತ್ಕಾಲಿಕ ಎಳೆಯನ್ನು ತೆಗೆಯುತ್ತಲೇ ಅಂಟಿನ ಸುರುಳಿಯನ್ನು ಹಾಕುತ್ತದೆ.

ಮುಂಡಕೋಪನಿಷತ್ತಿನಲ್ಲಿ ಊರ್ಣನಾಭದ ಉಪಮೆ ಬರುತ್ತದೆ: ಜೇಡವು ಎಳೆಯನ್ನು ತನ್ನಿಂದಲೇ ಹೊರಸೂಸಿ ಮತ್ತೆ ಒಳಗೆಳೆದುಕೊಳ್ಳುವಂತೆ ಅಕ್ಷರ ತತ್ತ್ವದಿಂದ ಜಗತ್ತು ಎಂದು. ಒಳಗೆಳೆದುಕೊಳ್ಳುವುದು ಕವಿಕಲ್ಪನೆ ಎಂದೇ ನಾನು ಎಣಿಸಿದ್ದೆ. ಅದು ಕಲ್ಪನೆಯಲ್ಲ. ಚಕ್ರದಂಥ ಬಲೆ ಹೆಣೆಯುವ ಅನೇಕ ಜೇಡಗಳು ಹಳೆಯ ಬಲೆಯನ್ನು ತಿಂದು, ಅದರ ಸತ್ತ್ವದಿಂದಲೇ ಹೊಸ ಎಳೆಯನ್ನು ತಯಾರಿಸುತ್ತವೆ. ಹಾಗಾದರೆ ಆ ಉಪಮೆಯ ಹಿಂದೆ ಜೇಡವನ್ನು ತಾಳ್ಮೆಯಿಂದ ನೋಡಿದ ಕಣ್ಣೊಂದು ಇದ್ದಿರಲೇಬೇಕು.

ಪಶ್ಚಿಮದ ಕಥೆಯೂ ಕುತೂಹಲಕರವಾಗಿದೆ. ಪ್ರಾಣಿಗಳ ವೈಜ್ಞಾನಿಕ ನಾಮಕರಣ ಲಿನ್ನೇಯಸನ 1758ರ ಗ್ರಂಥದಿಂದ ಆರಂಭವೆಂಬುದು ನಿಯಮ. ಜೇಡಗಳಿಗೆ ಮಾತ್ರ ವಿನಾಯಿತಿ: 1757ರಲ್ಲಿ ಸ್ವೀಡನ್ನಿನ ಕಾರ್ಲ್ ಕ್ಲೆರ್ಕ್ ಪ್ರಕಟಿಸಿದ ಜೇಡಗಳ ಗ್ರಂಥದ ಹೆಸರುಗಳಿಗೇ ಆದ್ಯತೆ. ಅಷ್ಟು ದೊಡ್ಡ ಲಿನ್ನೇಯಸನೂ ಜೇಡವನ್ನು ಕೀಟಗಳ ವರ್ಗದಲ್ಲಿಯೇ ಇರಿಸಿದ್ದ! ಲಾಮಾರ್ಕ್ ಅದನ್ನು ಬೇರ್ಪಡಿಸಿದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಇದನ್ನು ಓದಿದಾಗ ಕ್ಷಣಕಾಲ ಸಮಾಧಾನವಾಯಿತು. ಆದರೆ ಲಿನ್ನೇಯಸನಿಗೆ ನೋಡಿ ಹೇಳುವ ಶಿಷ್ಯನಿದ್ದನೋ ಇಲ್ಲವೋ, ನನಗಂತೂ ಇದ್ದ.

ನಮ್ಮ ಭಾಗ ಮುಂಬಯಿ ಇಲಾಖೆಯಲ್ಲಿದ್ದಾಗ ಇಲ್ಲಿಯ ಜೀವಿಗಳು ಸಾರಾಯಿ ತುಂಬಿದ ಸೀಸೆಗಳಲ್ಲಿ ಲಂಡನ್ನಿಗೆ ಹೋಗುತ್ತಿದ್ದವು. ಅಲ್ಲಿಯ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಆರ್. ಐ. ಪೋಕಾಕ್ 1900ರಲ್ಲಿ ಭಾರತದ ಜೇಡ, ಚೇಳುಗಳ ಕುರಿತು ಪ್ರಕಟಿಸಿದ ಸಂಪುಟ ಇಂದಿಗೂ ಆಧಾರಗ್ರಂಥ. ನಮ್ಮ ನೆರೆಯ ಕೆನರಾ ಜಿಲ್ಲೆಯ ದೊಡ್ಡ ಬಿಲಜೇಡಗಳಿಗೆ 1899ರಲ್ಲಿ ಹೆಸರಿಟ್ಟವರೂ ಅವರೇ. ಅವರೊಡನೆ ಚೇಳುಗಳ ಅಧ್ಯಯನದಲ್ಲಿ ತೊಡಗಿದ್ದ ಮುಂಬಯಿ ಇಲಾಖೆಯ ಅರಣ್ಯಾಧಿಕಾರಿ ರಾಟನ್ ಅವರ ಹೆಸರು ಖಾನಾಪುರ ತಾಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಯ ಬಾವಲಿಗೆ 1913ರಲ್ಲಿ ಬಂದಿತು. ಸ್ವಾತಂತ್ರ್ಯಾನಂತರ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಬಿ. ಕೆ. ಟಿಕಾದಾರರು ಜೇಡಗಳ ಸಂಪುಟಗಳನ್ನು 1980 ಮತ್ತು 1982ರಲ್ಲಿ ಹೊರತಂದರು. ಈ ವಿದ್ವಾಂಸರ ಋಣ ದೊಡ್ಡದು. ಆದರೆ ಸೀಸೆಯಲ್ಲಿ ಬಣ್ಣ ಮಾಸುತ್ತದೆ, ನಡವಳಿಕೆಯಂತೂ ಉಳಿಯುವುದೇ ಇಲ್ಲ.

ಕ್ಯಾಮೆರಾ ಮರಳಿ ಕೊಟ್ಟಿರುವುದು ಅದನ್ನೇ. ನಾವು ಅದೇ ಪೊದೆಗೆ ನಾಲ್ಕು ಮುಂಜಾವು ಹೋದೆವು. ಬಲೆಯ ಮಧ್ಯೆ ಅಂಕುಡೊಂಕಾದ ದಪ್ಪ ಬಿಳಿಯ ಗೆರೆಗಳಿದ್ದವು. ಅದಕ್ಕಾಗಿಯೇ ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಗ್ನೇಚರ್ ಸ್ಪೈಡರ್’, ಎಂದರೆ ರುಜು ಹಾಕುವ ಜೇಡ, ಎನ್ನುತ್ತಾರೆ. ಆ ರುಜು ಹುಳುಗಳನ್ನು ಆಕರ್ಷಿಸಲೋ, ಹಕ್ಕಿಗಳನ್ನು ಎಚ್ಚರಿಸಲೋ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಮೂರನೆಯ ದಿನ ಬಲೆಯ ಅಂಚಿನಲ್ಲಿ ಕಸದ ಚೂರಿನಂತಿದ್ದುದನ್ನು ಲೆನ್ಸಿನಲ್ಲಿ ನೋಡಿದರೆ ಅದು ಗಂಡು! ಹೆಣ್ಣಿನ ಮುಂದೆ ಅಷ್ಟು ಚಿಕ್ಕದು. ಎಳೆಯನ್ನು ಕಾಲಿನಿಂದ ಮೀಟಿ, ನಿಲ್ಲಿಸಿ, ಮತ್ತೆ ಮೀಟುತ್ತಿತ್ತು. ತಾನು ಬೇಟೆಯಲ್ಲವೆಂದು ತಿಳಿಸುವ ಸಂಜ್ಞೆ ಅದು. ನಾಲ್ಕನೆಯ ದಿನ ಪೊದೆಯೇ ಇರಲಿಲ್ಲ, ರಸ್ತೆಯ ಬದಿಯನ್ನು ಸವರಿದ್ದರು. ಯಾರನ್ನೂ ದೂರಲಾರೆ, ಪ್ರತಿ ಶನಿವಾರ ಮಕ್ಕಳ ಕೈಗೆ ಉದ್ದನೆಯ ಪೊರಕೆ ಕೊಟ್ಟು ಶಾಲೆಯ ಬಲೆಗಳನ್ನೆಲ್ಲ ತೆಗೆಸುತ್ತಿದ್ದವನು ನಾನೇ.

ಇನ್ನೊಂದು ಸಂತೋಷದ ಸಂಗತಿ. 2025ರಲ್ಲಿ ಜಿಗಿಯುವ ಜೇಡಗಳ ಹೊಸ ಕುಲವೊಂದಕ್ಕೆ ವಿಜ್ಞಾನಿಗಳು ‘ತೆಂಕಣ’ ಎಂದು ಹೆಸರಿಟ್ಟರು. ದಕ್ಷಿಣ ಎಂಬರ್ಥದ ನಮ್ಮ ಅಚ್ಚಗನ್ನಡ ಶಬ್ದವದು! ಅದರ ಹೊಸ ಪ್ರಭೇದಕ್ಕೆ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು. ಹಳಗನ್ನಡ ಪಾಠದಲ್ಲಿ ‘ತೆಂಕಣ’ ಶಬ್ದದ ಅರ್ಥವನ್ನು ನಾನು ಎಷ್ಟು ಸಲ ಬರೆಸಿದ್ದೇನೋ! ಅದು ಒಂದು ದಿನ ಜೇಡದ ಹೆಸರಾದೀತೆಂದು ಎಣಿಸಿರಲಿಲ್ಲ.

ಖಾನಾಪುರದ ಕಡೆ ಇರುವವರೇ, 2011ರಲ್ಲಿ ವನ್ಯಧಾಮವಾದ ಭೀಮಗಡದ ಅಂಚಿನಲ್ಲಿ ಮಳೆಗಾಲ ಮುಗಿಯುವಾಗ ಅಂಗೈಯಗಲದ ಜೇಡಗಳು ಹೊಂಬಣ್ಣದ ಎಳೆಯ ಬಲೆ ಹಾಕುತ್ತವೆ, ನಿಂತು ನೋಡಿರಿ. ಪೂರ್ವದ ಬಯಲುಸೀಮೆಯವರು ಜಾಲಿಗಿಡಗಳ ಮೇಲೆ ಒಂದೇ ಗೂಡಿನಲ್ಲಿ ಕೂಡಿ ಬಾಳುವ ಜೇಡಗಳನ್ನು ಹುಡುಕಿರಿ. ಮೊಬೈಲಿನಲ್ಲಿ ಚಿತ್ರ ತೆಗೆದರೂ ಸಾಕು, ನನಗೂ ಕಳುಹಿಸಿರಿ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಐವತ್ತರ ಹತ್ತಿರದ ವಯಸ್ಸಾಗಿರಬೇಕು. ಇದನ್ನು ಓದುತ್ತಿದ್ದರೆ ಅವನಿಗೆ ನನ್ನ ಮಾತು ಇಷ್ಟೇ: ಅಪ್ಪಾ, ನಿನ್ನ ಉತ್ತರ ಸರಿಯಾಗಿತ್ತು. ನೀನು ನೋಡಿ ಬರೆದಿದ್ದೆ, ನಾನು ನೋಡದೆ ತಿದ್ದಿದ್ದೆ.