ಕಡಲಿಲ್ಲದ ಊರಿನಲ್ಲಿ ಶಂಖದ ಬಳೆ

ದೆಹಲಿಗೆ ಕಡಲಿಲ್ಲ. ಆದರೂ ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹರಪ್ಪ ವಿಭಾಗದಲ್ಲಿ ಕಡಲಿನ ಪಾಲೂ ಇದೆ. ಮೊಹೆಂಜೊದಾರೊದ ಕಂಚಿನ ನರ್ತಕಿಯನ್ನು ನೋಡಲು ಹೋದವರು ಅವಳ ಎಡತೋಳನ್ನು ಭುಜದವರೆಗೆ ತುಂಬಿರುವ ಬಳೆಗಳನ್ನು ಗಮನಿಸದೆ ಇರಲಾರರು. ಅವು ಯಾವುದರ ಬಳೆಗಳೆಂದು ಕಂಚು ಹೇಳುವುದಿಲ್ಲ. ಆದರೆ ಹರಪ್ಪದ ಸಮಾಧಿಗಳಲ್ಲಿ ಸ್ತ್ರೀಯರ ಎಡಗೈಯಲ್ಲಿ ದೊರೆತಿರುವುದು ಶಂಖದ ಬಳೆಗಳೇ.

ಕ್ರಿ.ಪೂ. 2600ರಿಂದ 1900ರವರೆಗಿನ ಆ ಕಾಲದಲ್ಲಿ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ನಗರಗಳಿಗೆ ಶಂಖ ಹೇಗೆ ತಲುಪಿತು? ಇದಕ್ಕೆ ಉತ್ತರ ದೊರೆತದ್ದು ಕಸದಿಂದ. ಕಛ್ ಕೊಲ್ಲಿಯ ದಡದ ನಾಗೇಶ್ವರದಲ್ಲಿ ಬರೋಡಾ ವಿಶ್ವವಿದ್ಯಾಲಯದ ಕೆ.ಟಿ.ಎಂ. ಹೆಗಡೆ ಮತ್ತು ಸಂಗಡಿಗರು ನಡೆಸಿದ ಉತ್ಖನನದಲ್ಲಿ ಸಿದ್ಧಪಡಿಸಿದ ಒಡವೆಗಳಿಗಿಂತ ಹೆಚ್ಚಾಗಿ ಕಂಡದ್ದು ಶಂಖವನ್ನು ಕೊಯ್ದು ಬಿಸುಟ ಚೂರುಗಳು. ಶಂಖವನ್ನು ಎಲ್ಲಿ ಒಡೆದರು, ಗರಗಸವನ್ನು ಯಾವ ಓರೆಯಲ್ಲಿ ಎಳೆದರು ಎಂಬುದನ್ನು ಆ ಚೂರುಗಳೇ ತಿಳಿಸಿದವು.

ಆ ಕುಶಲಕರ್ಮಿಗಳು ವಸ್ತುವಿನ ಗುಣವರಿತು ದುಡಿದವರು. ಹೊರಮೈಯ ಸುರುಳಿಯಿಂದ ಬಳೆ, ಒಳಗಿನ ಗಟ್ಟಿ ಕಂಬದಿಂದ ಮಣಿ, ಮುಳ್ಳುಶಂಖದಿಂದ ಸೌಟು. ಶಂಖವನ್ನು ಅಡ್ಡ ಕೊಯ್ದಾಗ ಸುರುಳಿಗಳು ಕೂಡುವಲ್ಲಿ ಒಂದು ಸಂದು ಉಳಿಯುತ್ತದೆ. ಅವರು ಅದರ ಮೇಲೆ ಬಾಣದ ಮೊನೆಯಂಥ ಗೆರೆಯನ್ನು ಕೊರೆದರು. ಶಂಖದ ಕುಂದೇ ಬಳೆಯ ಅಲಂಕಾರವಾಯಿತು.

ಆ ಕಸುಬು ಅಳಿದುಹೋಗಲಿಲ್ಲ. ತಮಿಳು ಕರಾವಳಿಯ ಶಂಖ ಬಂಗಾಳವನ್ನು ಸೇರಿ ಅಲ್ಲಿ ಬಳೆಯಾಯಿತು. ಇಲ್ಲಿಯ ಚಿತ್ತರಂಜನ್ ಪಾರ್ಕಿನ ಮುತ್ತೈದೆಯರ ಕೈಯಲ್ಲಿ ಆ ಬಿಳಿಯ ಬಳೆಯನ್ನು ಇಂದಿಗೂ ಕಾಣಬಹುದು.

ಸರಾಯ್ ಕಾಲೇ ಖಾನ್ ಬಳಿ 2019ರಲ್ಲಿ ತೆರೆದ ‘ವೇಸ್ಟ್ ಟು ವಂಡರ್’ ಉದ್ಯಾನದಲ್ಲಿ ಗುಜರಿಯೇ ತಾಜಮಹಲಾಗಿದೆ, ಐಫೆಲ್ ಗೋಪುರವಾಗಿದೆ. ಅದರ ಶ್ರಮ ಮೆಚ್ಚತಕ್ಕದ್ದೇ. ಆದರೆ ಅಲ್ಲಿ ಗುಜರಿ ಮತ್ತೊಂದರ ವೇಷ ತೊಟ್ಟು ನಿಂತಿದೆ. ಹರಪ್ಪದ ಬಳೆಯಲ್ಲಾದರೋ ಶಂಖ ಶಂಖವಾಗಿಯೇ ಉಳಿದಿದೆ. ಕಡಲತಡಿಯ ಪ್ಲಾಸ್ಟಿಕ್ಕಿನಿಂದ, ಹರಿದ ಬಲೆಯಿಂದ ಇಂದು ಕಲೆಯನ್ನು ರಚಿಸುವವರು ಎದುರಿಸಬೇಕಾದ ಪ್ರಶ್ನೆಯೂ ಇದೇ: ಕೈಗೆ ಬಂದ ವಸ್ತು ತನ್ನ ಕಥೆಯನ್ನು ಹೇಳುತ್ತಿದೆಯೇ, ಮರೆಸುತ್ತಿದೆಯೇ?

ಆ ಕಥೆಯಲ್ಲಿ ನಮ್ಮ ಪಾತ್ರವೂ ಉಂಟು. ಯಮುನೆ ಪ್ರಯಾಗದಲ್ಲಿ ಗಂಗೆಯನ್ನು ಕೂಡಿ ಬಂಗಾಳ ಕೊಲ್ಲಿಯತ್ತ ಹರಿಯುತ್ತಾಳೆ. ಕಡಲಿಲ್ಲದ ನಗರ ಕಡಲಿನಿಂದ ಬಳೆಯನ್ನು ತರಿಸಿಕೊಂಡಿತ್ತು. ನಾವು ಇಲ್ಲಿ ನದಿಗೆಸೆದದ್ದು ಆ ದಾರಿಯಲ್ಲೇ ಕಡಲಿನತ್ತ ಸಾಗುತ್ತದೆ. ನಾಗೇಶ್ವರದ ಚೂರುಗಳಂತೆ ಅದನ್ನೂ ಮುಂದೊಂದು ಕಾಲ ಎತ್ತಿ ನೋಡೀತು.